ಕೊಬ್ಬು ಕಡಿಮೆ, ಮೇಲೋಗರ ಮಂದ

ಮೇಲೋಗರ ಮಂದವಾಗಲು ಕೊಬ್ಬು ಬೇಕೇ ಬೇಕೆಂದಿಲ್ಲ. ನೀರಿನ ಹರಿವನ್ನು ತಡೆಯುವ ಯಾವ ವಸ್ತುವಾದರೂ ಆ ಕೆಲಸ ಮಾಡುತ್ತದೆ: ಹಿಟ್ಟಿನ ಪಿಷ್ಟ, ಬೆಂದು ಕರಗಿದ ಬೇಳೆ, ತರಕಾರಿಯ ನಾರು ಮತ್ತು ಪೆಕ್ಟಿನ್, ನುಣ್ಣಗೆ ಅರೆದ ಮಸಾಲೆ. ಮುಂಬಯಿಯ ಹೋಟೆಲುಗಳಲ್ಲಿ ಈ ಹೊಣೆ ಬಹುಮಟ್ಟಿಗೆ ಗೋಡಂಬಿ, ಮಗಜ್ ಬೀಜ, ಕ್ರೀಮು ಮತ್ತು ಬೆಣ್ಣೆಯ ಮೇಲಿದೆ. ಇಡ್ಲಿ ದೋಸೆಯ ಜೊತೆಗೆ ಪಂಜಾಬಿ ಪದಾರ್ಥಗಳನ್ನೂ ಬಡಿಸುವ ಉಡುಪಿ ಹೋಟೆಲುಗಳೂ ಇದಕ್ಕೆ ಹೊರತಲ್ಲ. ಮನೆಯಲ್ಲಿ ಆ ಜಾಗ ತೆಂಗಿನಕಾಯಿಯದು. 100 ಗ್ರಾಂ ಗೋಡಂಬಿಯಲ್ಲಿ ಸುಮಾರು 44 ಗ್ರಾಂ ಕೊಬ್ಬಿದೆ. ಹಸಿ ಕಾಯಿತುರಿಯಲ್ಲಿ 33 ಗ್ರಾಂ, ಡಬ್ಬಿಯ ಫ್ರೆಶ್ ಕ್ರೀಮಿನಲ್ಲಿ 25 ಗ್ರಾಂ. ಅಷ್ಟೇ ತೂಕದ ಕಡಲೆಹಿಟ್ಟಿನಲ್ಲಿ 6–7 ಗ್ರಾಂ ಇದ್ದರೆ, ತೊಗರಿಬೇಳೆಯಲ್ಲೂ ಅಕ್ಕಿಹಿಟ್ಟಿನಲ್ಲೂ ಎರಡು ಗ್ರಾಂ ಸಹ ಇಲ್ಲ.

ಎಲ್ಲಕ್ಕಿಂತ ಸುಲಭದ ದಾರಿ ಹಿಟ್ಟು. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅವು ನೀರು ಹೀರಿ ಉಬ್ಬುತ್ತವೆ, ಸಾರು ಮಂದವಾಗುತ್ತದೆ. ಹಿಟ್ಟನ್ನು ನೇರವಾಗಿ ಕುದಿಯುವ ಪಾತ್ರೆಗೆ ಸುರಿದರೆ ಹೊರಗಿನ ಪದರ ಮೊದಲೇ ಬೆಂದು ಅಂಟಾಗಿ, ಒಳಗೆ ಹಸಿ ಹಿಟ್ಟಿನ ಗಂಟು ಉಳಿಯುತ್ತದೆ. ಫ್ರೆಂಚ್ ಅಡುಗೆಯವರು ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು ಕಣಗಳನ್ನು ಬಿಡಿಸಿಕೊಳ್ಳುತ್ತಾರೆ. ತಣ್ಣೀರಿನಲ್ಲಿ ಕದಡಿದರೂ ಅದೇ ಫಲ ಸಿಗುತ್ತದೆ, ಬೆಣ್ಣೆ ಉಳಿಯುತ್ತದೆ. ಒಂದು ಲೀಟರ್ ಸಾಂಬಾರಿಗೆ ತುಸು ಮೈ ಬರಲು 10–15 ಗ್ರಾಂ ಅಕ್ಕಿಹಿಟ್ಟು ಸಾಕು. ಕೂರ್ಮದಂಥ ಮಂದ ಗ್ರೇವಿಗೆ 25–30 ಗ್ರಾಂ ಕಾರ್ನ್‌ಫ್ಲೋರ್ ಬೇಕಾದೀತು. ಅಕ್ಕಿಹಿಟ್ಟು ಸಾರನ್ನು ಮಬ್ಬಾಗಿಸುತ್ತದೆ. ಆರಾರೂಟ್ ಹಾಗೂ ಆಲೂಗಡ್ಡೆಯ ಪಿಷ್ಟ ತಿಳಿಯಾಗಿಯೇ ಉಳಿದರೂ, ಹೆಚ್ಚು ಹೊತ್ತು ಕುದಿಸಿದರೆ ಮತ್ತೆ ನೀರಾಗುತ್ತವೆ. ಕಡಲೆಹಿಟ್ಟಿನ ಹಸಿ ವಾಸನೆ ಹೋಗಲು ಎಂಟು ಹತ್ತು ನಿಮಿಷ ಕುದಿಯಬೇಕು. ಮೊದಲೇ ಹುರಿದುಕೊಂಡರೆ ಘಮ ಬರುತ್ತದೆ, ಆದರೆ ಹುರಿದ ಪಿಷ್ಟದ ಬಲ ತಗ್ಗುವುದರಿಂದ ಹಿಟ್ಟು ಸ್ವಲ್ಪ ಹೆಚ್ಚು ಬೇಕು. ಚೆಂಬೂರು, ಉಲ್ಹಾಸನಗರಗಳ ಸಿಂಧಿ ಮನೆಗಳ ಕಢಿಗೆ ಮೊಸರಿಲ್ಲ. ಎಣ್ಣೆಯಲ್ಲಿ ಹುರಿದ ಕಡಲೆಹಿಟ್ಟೇ ಅದರ ಬುನಾದಿ. ಎಣ್ಣೆ ಇಲ್ಲದೆ ಬರಿ ಬಾಣಲೆಯಲ್ಲಿ ಹುರಿದ ಹಿಟ್ಟಿನಿಂದಲೂ ಅದನ್ನು ಮಾಡಬಹುದು.

ಪಿಷ್ಟಕ್ಕೆ ಹುಳಿ ಆಗದು. ಹುಣಸೆರಸದಲ್ಲಿ ಬಹಳ ಹೊತ್ತು ಕುದಿದರೆ ಪಿಷ್ಟದ ಎಳೆಗಳು ತುಂಡಾಗಿ ಸಾರು ತೆಳ್ಳಗಾಗುತ್ತದೆ. ಹುಳಿ, ಉಪ್ಪು, ತರಕಾರಿ ಎಲ್ಲ ಹೊಂದಿಕೊಂಡ ಮೇಲೆ ಕೊನೆಯಲ್ಲಿ ಅಕ್ಕಿಹಿಟ್ಟಿನ ನೀರು ಹಾಕಿ ಎರಡು ಮೂರು ನಿಮಿಷ ಮಾತ್ರ ಕುದಿಸುವುದು ಈ ಕಾರಣಕ್ಕೆ.

ಬೇಳೆಯದು ಇನ್ನೊಂದು ಬಗೆ. ಕೊಂಕಣಿಗರ ದಾಳಿತೋಯ್ ಮತ್ತು ಕನ್ನಡ ಮನೆಗಳ ತೊವ್ವೆ ಮಂದವಾಗುವುದು ತೊಗರಿಬೇಳೆಯೊಂದರಿಂದಲೇ. ಕಾಯಿ ಹಾಕದ ಬೋಳು ಹುಳಿಯೂ ಅದೇ ಜಾತಿಯದು. ಇಲ್ಲಿ ಕ್ರಮ ಮುಖ್ಯ. ಬೇಳೆ ಪೂರ್ತಿ ಬೇಯುವ ಮೊದಲೇ ಹುಣಸೆ ಬಿದ್ದರೆ, ಬೇಳೆಯ ಜೀವಕೋಶಗಳನ್ನು ಹಿಡಿದಿಟ್ಟ ಪೆಕ್ಟಿನ್ ಸಡಿಲವಾಗುವುದಿಲ್ಲ. ಬೇಳೆ ಬಿಡಿಬಿಡಿಯಾಗಿ ತಳದಲ್ಲಿ, ನೀರು ಮೇಲೆ ನಿಲ್ಲುತ್ತದೆ. ನೆನೆಸಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಕಡೆಗೋಲಿನಿಂದ ಕಡೆದ ಬಳಿಕವೇ ಹುಳಿ ಸೇರಬೇಕು.

ತರಕಾರಿಯ ಬಲವನ್ನು ಮುಂಬಯಿಯಷ್ಟು ಚೆನ್ನಾಗಿ ಬಳಸಿಕೊಂಡ ಊರು ಅಪರೂಪ. ಪಾರ್ಸಿಗಳ ಧನ್‌ಸಾಕ್‌ನಲ್ಲಿ ಬೇಳೆಯ ಜೊತೆ ಸಿಹಿಗುಂಬಳ, ಬದನೆ, ಮೆಂತ್ಯಸೊಪ್ಪು ಬೆಂದು ಒಂದಾಗಿ ಮಾಂಸಕ್ಕೆ ಮಂದವಾದ ರಸ ಒದಗಿಸುತ್ತವೆ. ಪಾವ್‌ಭಾಜಿಯ ಭಾಜಿಗೆ ಮೈ ಕೊಡುವುದು ತವಾದ ಮೇಲೆ ಜಜ್ಜಿದ ಆಲೂಗಡ್ಡೆ ಮತ್ತು ಟೊಮೆಟೊ. ಮೇಲೆ ತೇಲುವ ಬೆಣ್ಣೆ ರುಚಿಗೆ, ಹೊಳಪಿಗೆ. ಬೆಣ್ಣೆ ಕಾಲುಭಾಗಕ್ಕಿಳಿದರೂ ಭಾಜಿ ನೀರಾಗುವುದಿಲ್ಲ. ಸಾಂಬಾರಿನಲ್ಲಿ ಬೆಂದ ಸಿಹಿಗುಂಬಳದ ನಾಲ್ಕು ಹೋಳನ್ನು ಸೌಟಿನಲ್ಲಿ ಕಿವುಚಿ ಬೆರೆಸಿದರೂ ಸಾಕು, ಬೇರೆ ಹಿಟ್ಟು ಬೇಡ. ಬೆಂಡೆ, ಬಸಳೆಗಳ ಲೋಳೆಯೂ ಸಾರನ್ನು ಮಂದವಾಗಿಸುತ್ತದೆ. ಅದು ನೂಲಿನಂತೆ ಎಳೆಯೆಳೆಯಾಗಿ ಬರುವುದು ಇಷ್ಟವಿಲ್ಲದವರಿಗೆ ಇಲ್ಲಿ ಹುಣಸೆಯೇ ಸಹಾಯಕ.

ಹಾಲು ಮೊಸರಿನ ವಿಷಯದಲ್ಲಿ ಈ ಊರಿಗೆ ತನ್ನದೇ ಇತಿಹಾಸವಿದೆ. ಎಮ್ಮೆ ಹಾಲಿನಲ್ಲಿ ಶೇಕಡ 6–7ರಷ್ಟು ಕೊಬ್ಬಿರುತ್ತದೆ. ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಬೆರೆಸಿ ಕೊಬ್ಬನ್ನು ಇಳಿಸಿದ ಟೋನ್ಡ್ ಹಾಲು 1946ರಲ್ಲಿ ಮುಂಬಯಿಯಲ್ಲೇ ಚಾಲ್ತಿಗೆ ಬಂತು. ಅದರ ಹಿಂದಿದ್ದವರು ದಾರಾ ಖುರೋಡಿ; ಗೋರೆಗಾಂವದ ಆರೆ ಮಿಲ್ಕ್ ಕಾಲೊನಿಯನ್ನು ಕಟ್ಟಿದವರೂ ಅವರೇ, 1963ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಇಂದು ಟೋನ್ಡ್ ಹಾಲಿನಲ್ಲಿ ಶೇಕಡ 3, ಡಬಲ್ ಟೋನ್ಡ್ ಹಾಲಿನಲ್ಲಿ ಶೇಕಡ 1.5 ಕೊಬ್ಬು. ಇಂಥ ಹಾಲಿನ ಮೊಸರು ಕ್ರೀಮಿನ ಬದಲಿಗೆ ನಿಲ್ಲಬಲ್ಲದು, ಆದರೆ ಕಾದಾಗ ಅದರ ಪ್ರೋಟೀನು ಗಂಟುಗಟ್ಟಿ ಒಡೆಯುತ್ತದೆ. ಮಜ್ಜಿಗೆಹುಳಿಗೆ ನೆನೆದ ಕಡಲೆಬೇಳೆ ಅರೆದು ಹಾಕುವುದೂ ಗುಜರಾತಿ ಕಢಿಗೆ ಕಡಲೆಹಿಟ್ಟು ಕದಡುವುದೂ ಇದಕ್ಕೆ ಮದ್ದು: ಪಿಷ್ಟ ನಡುವೆ ಬಂದು ಪ್ರೋಟೀನುಗಳನ್ನು ಒಂದಕ್ಕೊಂದು ಅಂಟಗೊಡುವುದಿಲ್ಲ. ಉರಿ ಸಣ್ಣದಿರಬೇಕು, ಸೌಟು ಆಡುತ್ತಿರಬೇಕು.

ತೆಂಗಿನಕಾಯಿಯನ್ನು ಕರಾವಳಿಯ ಅಡುಗೆಯಿಂದ ಪೂರ್ತಿ ಕೈಬಿಡುವುದು ಕಷ್ಟ, ಅರ್ಧ ಮಾಡುವುದು ಸುಲಭ. ಒಂದು ಕಪ್ ಕಾಯಿತುರಿ, ಎಂದರೆ ಸುಮಾರು 80 ಗ್ರಾಂ, 27 ಗ್ರಾಂ ಕೊಬ್ಬು ಕೊಡುತ್ತದೆ. ಅರ್ಧ ಕಪ್ ತುರಿಯ ಜೊತೆ 20 ಗ್ರಾಂ ಹುರಿಗಡಲೆ ಅರೆದರೆ ಮಸಾಲೆ ಅಷ್ಟೇ ಮಂದವಾಗುತ್ತದೆ, ಕೊಬ್ಬು 15 ಗ್ರಾಂ ಒಳಗೇ ನಿಲ್ಲುತ್ತದೆ. ಹುರಿಗಡಲೆ ಮೊದಲೇ ಹುರಿದದ್ದಾದ್ದರಿಂದ ಹೆಚ್ಚು ಕುದಿಸಬೇಕಿಲ್ಲ. ಗಸಿಗೆ ಈ ಉಪಾಯ ಹೊಂದುತ್ತದೆ. ಕಾಯಿಯೇ ಬೇಡವೆನ್ನುವವರಿಗೆ ತುಳುನಾಡಿನ ಮೀನಿನ ಪುಳಿಮುಂಚಿ ಇದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಯನ್ನು ಬೆಣ್ಣೆಯಂತೆ ಅರೆದ ಮಸಾಲೆಯೇ ಅದರ ಮಂದ.

ಪಿಷ್ಟ ಆರಿದಂತೆ ಬಿಗಿಯುತ್ತದೆ. ಒಲೆಯ ಮೇಲೆ ಸರಿಯೆನಿಸಿದ ಪದಾರ್ಥ ಡಬ್ಬಿಗೆ ತುಂಬಿ ಆಫೀಸು ತಲುಪುವಷ್ಟರಲ್ಲಿ ಮುದ್ದೆಯಾಗಿರುತ್ತದೆ. ತುಸು ತೆಳ್ಳಗಿರುವಾಗಲೇ ಇಳಿಸುವುದು ಲೇಸು. ಕೊಬ್ಬಿಗೆ ಉಳಿಯುವ ಕೆಲಸ ಪರಿಮಳದ್ದು. ಸಾಸಿವೆ, ಇಂಗು, ಕರಿಬೇವಿನ ಘಮ ಎಣ್ಣೆಯಲ್ಲೇ ಬಿಡುತ್ತದೆ. ಆದರೆ ಅದಕ್ಕೆ ಬೇಕಾದದ್ದು ಒಗ್ಗರಣೆಯ ಒಂದು ಚಮಚ, ಐದು ಗ್ರಾಂಗಿಂತಲೂ ಕಡಿಮೆ ಎಣ್ಣೆ.