ಚಾರ್ಜ್ ಎಷ್ಟ ಐತಿ?

ಎಲೆಕ್ಟ್ರಿಕ್ ಕಾರು ತಗೊಂಡ ಮೇಲೆ ನಮ್ಮಪ್ಪ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಾಗಿದೆ. ಮೊದಲು "ಊಟಾ ಆತೇನಪಾ" ಅಂತಿದ್ದ. ಈಗ "ಚಾರ್ಜ್ ಎಷ್ಟ ಐತಿ?" ಅಂತಾನ. ಊಟದ ಸುದ್ದಿ ಆಮೇಲೆ.

ಆಫೀಸಿನಲ್ಲಿ ಕೇಳುವವರು ಬೇರೆ ಥರ. ಅವರಿಗೆ ಒಂದೇ ಸಾಲಿನ ಉತ್ತರ ಬೇಕು: ತಗೋಬೇಕೋ, ಬೇಡವೋ? ಯೂಟ್ಯೂಬಿನಲ್ಲಿ ಎರಡೂ ಉತ್ತರ ಧಾರಾಳವಾಗಿ ಸಿಗುತ್ತವೆ. ಒಬ್ಬ "ಕಿಲೋಮೀಟರಿಗೆ ಒಂದೇ ರೂಪಾಯಿ" ಅಂತ ಕುಣಿಯುತ್ತಾನೆ, ಇನ್ನೊಬ್ಬ ಹೊತ್ತಿ ಉರಿಯುವ ಗಾಡಿಯ ವಿಡಿಯೊ ತೋರಿಸಿ ಹೆದರಿಸುತ್ತಾನೆ. ಇಬ್ಬರೂ ಹುಬ್ಬಳ್ಳಿ-ಧಾರವಾಡದಲ್ಲಿ ಗಾಡಿ ಓಡಿಸಿದವರಲ್ಲ. ಎರಡು ವರ್ಷ ಇಲ್ಲಿ ಓಡಿಸಿದವನಾಗಿ ನನ್ನ ಲೆಕ್ಕ ನಾನು ಹೇಳುತ್ತೇನೆ. ಕಾರಿನ ಹೆಸರು ಬೇಡ. 24 ಯೂನಿಟ್ ಬ್ಯಾಟರಿಯ ಸಣ್ಣ ಕಾರು ಅಂದರೆ ಸಾಕು.

ಮೊದಲು ಒಳ್ಳೆಯದನ್ನೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. ಈ ಅವಳಿ ನಗರದಂಥ ಊರು ಎಲೆಕ್ಟ್ರಿಕ್ ಕಾರಿಗೆ ಹೇಳಿ ಮಾಡಿಸಿದ್ದು. ಊರಿಂದ ಊರಿಗೆ 20 ಕಿಲೋಮೀಟರು. ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಹಾಗೆ ಬೇಸ್‌ಮೆಂಟಿನಲ್ಲಿ ಒಂದು ಪಾಯಿಂಟ್ ಹಾಕಿಸಲು ಅಸೋಸಿಯೇಷನ್ ಮುಂದೆ ಕೈಮುಗಿಯುವ ಪಾಡು ಇಲ್ಲಿ ಬಹಳ ಜನರಿಗಿಲ್ಲ. ಸ್ವಂತ ಮನೆ, ಮುಂದೆ ನಾಲ್ಕು ಮಾರು ಜಾಗ, ಗೋಡೆಗೊಂದು 15 ಆ್ಯಂಪಿನ ಸಾಕೆಟ್. ರಾತ್ರಿ ಚುಚ್ಚಿದರೆ ಬೆಳಿಗ್ಗೆ ತುಂಬಿರುತ್ತದೆ. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಹಾಗಾಗಿ ಬೆಳಿಗ್ಗೆ ಇಳಿದು ಹೋಗುವಾಗ 11 ಪರ್ಸೆಂಟ್ ಖರ್ಚಾದರೆ, ಸಂಜೆ ಏರಿ ಬರುವಾಗ 13. ಬೈಸಿಕಲ್ ತುಳಿದವರಿಗಷ್ಟೇ ಗೊತ್ತಿದ್ದ ಈ ಏರಿಳಿತ ಈಗ ಡ್ಯಾಶ್‌ಬೋರ್ಡಿನಲ್ಲಿ ಅಂಕಿಯಾಗಿ ಕಾಣುತ್ತದೆ. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದಿಲ್ಲ. ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತಿದಾಗೆಲ್ಲ ಒಂಚೂರು ಕರೆಂಟು ವಾಪಸ್ ಬರುತ್ತದೆ. ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ ಹೆಚ್ಚು ಮೈಲೇಜು ಕೊಟ್ಟರೆ, ಇದು ಊರೊಳಗೇ ಹೆಚ್ಚು ಕೊಡುತ್ತದೆ.

ತೊಂದರೆಯೂ ಅಲ್ಲಿಂದಲೇ ಶುರು.

ಕಂಪನಿಗಳು ಹೇಳುವ ರೇಂಜ್ ಲ್ಯಾಬಿನ ಉರುಳೆಯ ಮೇಲೆ, ಮೆತ್ತಗಿನ ವೇಗದಲ್ಲಿ ಅಳೆದದ್ದು. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ ಅಂತ ಪಿಯುಸಿಯಲ್ಲಿ ಓದಿದ್ದನ್ನು ನಾವೆಲ್ಲ ಮರೆತಿರುತ್ತೇವೆ. ಎನ್‌ಎಚ್ 48 ನೆನಪಿಸುತ್ತದೆ. ಕಾಗದದ ಮೇಲೆ 300 ದಾಟುವ ನನ್ನ ಕಾರು ಊರೊಳಗೆ 190 ಓಡುತ್ತದೆ. ಹೆದ್ದಾರಿಯಲ್ಲಿ ಎಸಿ ಹಾಕಿ 90ರ ವೇಗದಲ್ಲಿ ಹೋದರೆ 160. ಅದರಲ್ಲೂ ಕೊನೆಯ 15 ಪರ್ಸೆಂಟ್ ಮುಟ್ಟುವ ಧೈರ್ಯ ಯಾರಿಗಿದೆ? ಹಾಗಾದರೆ ಉಳಿದದ್ದು 135. ಬೆಂಗಳೂರು ಇಲ್ಲಿಂದ ಹೆಚ್ಚೂಕಡಿಮೆ 430 ಕಿಲೋಮೀಟರು. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಅಂತ ಊರು ಎಣಿಸುತ್ತಿದ್ದ ದಾರಿಯಲ್ಲಿ ಈಗ ಚಾರ್ಜರ್ ಎಣಿಸಬೇಕು. ಮೂರು ಸಲ ನಿಲ್ಲಬೇಕು, ಒಂದೊಂದು ಸಲಕ್ಕೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನಮ್ಮ ಮುಂದೆ ಇನ್ನೊಂದು ಕಾರು ಚುಚ್ಚಿಕೊಂಡು ನಿಂತಿದ್ದರೆ ಅದರ ಮಾಲೀಕ ದೋಸೆ ತಿಂದು ಮುಗಿಸುವವರೆಗೆ ಕಾಯಬೇಕು. ಕಳೆದ ದೀಪಾವಳಿಗೆ ಒಂದು ಹೋಟೆಲಿನ ಮುಂದೆ ಹಂಗೇ ಕಾದು, ನನ್ನ ಪಾಳಿ ಬಂದಾಗ ಯಂತ್ರ "ಸರ್ವರ್ ಜೊತೆ ಸಂಪರ್ಕ ಇಲ್ಲ" ಅಂತು. ಕರೆಂಟು ಇತ್ತು, ಕೇಬಲ್ ಇತ್ತು, ಕಾರು ಇತ್ತು. ಇಲ್ಲದ್ದು ನೆಟ್‌ವರ್ಕು ಒಂದೇ. ಇಂಥ ಸಾಫ್ಟ್‌ವೇರ್ ಬರೆಯುವ ಜಾತಿಯವನೇ ಆದ ನನಗೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಫೋನಿನಲ್ಲಿ ಐದು ಚಾರ್ಜಿಂಗ್ ಆ್ಯಪ್ ಇವೆ, ಐದರ ವ್ಯಾಲೆಟ್ಟಿನಲ್ಲೂ ಇನ್ನೂರು, ಮುನ್ನೂರು ರೂಪಾಯಿ ಸಿಕ್ಕಿಕೊಂಡಿದೆ. ಪೆಟ್ರೋಲ್ ಬಂಕಿನವನು ಯಾವತ್ತೂ ಮೊದಲು ನನ್ನ ಬಂಕಿನ ಸದಸ್ಯನಾಗು ಅಂದಿದ್ದಿಲ್ಲ.

ಈಗ ಬೆಂಗಳೂರಿಗೆ ನಾನು ಕಾರು ಒಯ್ಯುವುದಿಲ್ಲ. 2023ರ ಜೂನ್‌ನಿಂದ ಧಾರವಾಡಕ್ಕೆ ವಂದೇ ಭಾರತ್ ಇದೆ. ಅದೂ ಎಲೆಕ್ಟ್ರಿಕ್ ಗಾಡಿಯೇ, ಚಾರ್ಜಿನ ಚಿಂತಿ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. "ಕಿಲೋಮೀಟರಿಗೆ ಒಂದು ರೂಪಾಯಿ" ಅನ್ನುವವರು ನಮ್ಮ ರಾಜ್ಯದ ಒಂದು ವಿಶೇಷವನ್ನು ಮರೆಯುತ್ತಾರೆ. ಅದರ ಹೆಸರು ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ಫ್ರೀ ಅಂತ ಎಲ್ಲರ ಬಾಯಲ್ಲಿದೆ. ನಿಯಮ ಹಾಗಿಲ್ಲ. 2022-23ರಲ್ಲಿ ನಿಮ್ಮ ಮನೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ 10 ಪರ್ಸೆಂಟ್ ಸೇರಿಸಿ ನಿಮ್ಮ ಮಿತಿ. ಮಿತಿ ದಾಟಿದರೆ ಹೆಚ್ಚಿಗೆ ಸುಟ್ಟಷ್ಟಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನಮ್ಮದು ಮೂರು ಜನರ ಮನೆ, 90 ಯೂನಿಟ್ ಸುಡುತ್ತಿತ್ತು, ಬಿಲ್ಲು ಸೊನ್ನೆ. ಕಾರು ತಿಂಗಳಿಗೆ 900 ಕಿಲೋಮೀಟರ್ ಓಡುತ್ತದೆ. ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಅಂದರೆ 130 ಯೂನಿಟ್, ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುವುದು ಸೇರಿ 145. ಒಟ್ಟು 235. ಅಂದರೆ ಕಾರು ತನ್ನ ಪಾಲಷ್ಟೇ ಅಲ್ಲ, ನಮ್ಮ ಫ್ರಿಜ್ಜು, ಫ್ಯಾನು, ಮಿಕ್ಸರಿನ ಪಾಲನ್ನೂ ಬಿಲ್ಲಿಗೆ ತಂದಿತು. ಯೂನಿಟ್ಟಿಗೆ ಹೆಚ್ಚೂಕಡಿಮೆ 6 ರೂಪಾಯಿ, ಮೇಲೆ ಫಿಕ್ಸೆಡ್ ಚಾರ್ಜು, ತೆರಿಗೆ, ಸರ್ಚಾರ್ಜು. ಕಾರಿನ ಕಾರಣದಿಂದ ಮನೆಗೆ ಬಂದ ಬಿಲ್ಲನ್ನೆಲ್ಲ ಕಾರಿನ ತಲೆಗೇ ಕಟ್ಟಿದರೆ ನನ್ನ ಲೆಕ್ಕದಲ್ಲಿ ಕಿಲೋಮೀಟರಿಗೆ ಎರಡು ರೂಪಾಯಿಯ ಹತ್ತಿರ ಹೋಗುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಾದರೆ ಮೂರು.

ಆದರೂ ಪೆಟ್ರೋಲಿಗಿಂತ ಅಗ್ಗವೇ, ಸುಳ್ಳು ಯಾಕೆ ಹೇಳಲಿ. ಅಷ್ಟೇ ಓಡಾಟಕ್ಕೆ ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರು 5,800 ರೂಪಾಯಿ ಕುಡಿಯುತ್ತಿತ್ತು. ತಿಂಗಳಿಗೆ ನಾಲ್ಕು ಸಾವಿರ ಉಳಿಯಿತು ಅನ್ನಿ, ವರ್ಷಕ್ಕೆ 48 ಸಾವಿರ. ಆದರೆ ಕಾರು ಕೊಳ್ಳುವಾಗಲೇ ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಎರಡೂವರೆ, ಮೂರು ಲಕ್ಷ ಹೆಚ್ಚು ಕೊಟ್ಟಿದ್ದೆ. ಅದು ವಾಪಸ್ ಬರಲು ಆರು ವರ್ಷ. ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್. ನಾನು ಓಡಿಸುವ ಗತಿಗೆ ಕಿಲೋಮೀಟರ್ ಮುಗಿಯುವ ಮೊದಲೇ ವರ್ಷ ಮುಗಿಯುತ್ತದೆ. ಇದರ ಮೇಲೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ಕಿನದು 2019ರಿಂದ 5ರಲ್ಲೇ ಇದೆ. ಅಂತರ ಕಡಿಮೆಯಾಯಿತು, ಈಗ ಕೊಳ್ಳುವವನ ಆರು ವರ್ಷ ಇನ್ನೂ ಉದ್ದ.

ಇಲ್ಲೊಂದು ಗಂಟಿದೆ. ಈ ಕಾರು ಬಹಳ ಓಡಿದರೆ ಮಾತ್ರ ದುಡ್ಡು ಉಳಿಸುತ್ತದೆ. ಆದರೆ ಸ್ವಲ್ಪ ಓಡಿಸಿದರೆ ಮಾತ್ರ ಸುಖ ಕೊಡುತ್ತದೆ. ದಿನಾ ಹುಬ್ಬಳ್ಳಿ-ಬೆಳಗಾವಿ ಅಡ್ಡಾಡುವ ಮೆಡಿಕಲ್ ರೆಪ್ಪಿಗೆ ಉಳಿತಾಯ ಭರ್ಜರಿ, ಆದರೆ ಅವನ ಜೀವನ ಚಾರ್ಜರಿನ ಪಾಳಿಯಲ್ಲಿ. ಸಪ್ತಾಪುರದಿಂದ ಸುಭಾಸ ರೋಡಿಗೆ ಕಾಯಿಪಲ್ಲೆ ತರಲು ಹೋಗುವ ರಿಟೈರ್ಡ್ ಪ್ರೊಫೆಸರರಿಗೆ ಪರಮಸುಖ, ಆದರೆ ಅವರ ಮೂರು ಲಕ್ಷ ಈ ಜನ್ಮದಲ್ಲಿ ವಾಪಸ್ ಬರುವುದಿಲ್ಲ. ನನ್ನಂಥವರು ನಡುವೆ ಸಿಕ್ಕವರು.

ಈಗ ಊರಿನ ಸುದ್ದಿ. ನಮ್ಮೂರು ನವಲಗುಂದ ತಾಲೂಕಿನ ಎರೆ ಭೂಮಿಯಲ್ಲಿದೆ, ಧಾರವಾಡದಿಂದ 55 ಕಿಲೋಮೀಟರು. ಹೋಗಿಬರಲು 110, ಚಾರ್ಜ್ ಸಾಕು. ಆದರೂ ಮೊದಲ ಸಲ ಹೋದಾಗ ನಾಲ್ಕು ತಾಸು ಚುಚ್ಚೋಣ ಅಂತ ಚಾರ್ಜರ್ ತೆಗೆದೆ. ಕೆಂಪು ದೀಪ. ನಮ್ಮ ಹಳೇ ಮನೆಗೆ ಅರ್ಥಿಂಗ್ ಅನ್ನುವುದೇ ಇರಲಿಲ್ಲ. ಮೂವತ್ತು ವರ್ಷ ಟಿವಿ, ಮಿಕ್ಸರು, ಗಿರಣಿ ಎಲ್ಲಾ ಓಡಿಸಿದ ಮನೆ ಅದು. ಕಾರಿನ ಚಾರ್ಜರ್ ಮಾತ್ರ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಸರಿ ಕೂಡ, ಜೀವದ ಪ್ರಶ್ನೆ. ಅಪ್ಪ ಮರುವಾರ ದನದ ಕೊಟ್ಟಿಗೆಯ ಪಕ್ಕ ಕುಣಿ ತೋಡಿಸಿ, ಪ್ಲೇಟು ಇಟ್ಟು, ಇದ್ದಿಲು, ಉಪ್ಪು ಹಾಕಿಸಿದ. ಹಸಿರು ದೀಪ ಬಂತು, ಆದರೆ ಸಂಜೆ ಏಳಕ್ಕೆ ವೋಲ್ಟೇಜ್ ಇಳಿದಾಗ ಅದೂ ಮಿಣಮಿಣ.

ದಾರಿಯದು ಬೇರೆ ಕಥೆ. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯ ಕೆಳಗೆ. ಹೊಲದ ದಾರಿಯ ನಡುವೆ ಎದ್ದ ಕಲ್ಲಿಗೆ ಅದು ತಾಗಿದರೆ ಪೆಟ್ರೋಲ್ ಕಾರಿನ ಚೇಂಬರು ಒಡೆದಂತಲ್ಲ. ಕಾರಿನಲ್ಲಿ ಎಲ್ಲಕ್ಕಿಂತ ದುಬಾರಿಯಾದ ಭಾಗಕ್ಕೇ ಪೆಟ್ಟು. ಎಷ್ಟೋ ಮಾಡೆಲ್ಲುಗಳಲ್ಲಿ ಸ್ಟೆಪ್ನಿಯೇ ಇಲ್ಲ, ಬದಲಿಗೆ ಒಂದು ಪಂಕ್ಚರ್ ಕಿಟ್ ಕೊಡುತ್ತಾರೆ. ಜಾಲಿಮುಳ್ಳಿನ ನಾಡಿನಲ್ಲಿ ಸ್ಟೆಪ್ನಿ ಇಲ್ಲದ ಕಾರು ಮಾರಲು ಧೈರ್ಯ ಬೇಕು.

ಆ ರಾತ್ರಿಯ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಬೆಳಗಾವಿಗೆ ಹೋಗಿ ಬಂದು, ಕಾರು ಚುಚ್ಚಿ ಮಲಗಲು ಹೊರಟಿದ್ದೆ. ಹನ್ನೊಂದರ ಸುಮಾರಿಗೆ ಅಪ್ಪನ ಫೋನು. "ತಮ್ಮಾ, ನಿಮ್ಮವ್ವಗ ಎದಿ ಹಿಡದೈತಿ, ಲಗೂ ಬಾ." ಕಾರಿನಲ್ಲಿ 22 ಪರ್ಸೆಂಟ್. ಊರಿಗೆ 55, ಅಲ್ಲಿಂದ ಹುಬ್ಬಳ್ಳಿ ಆಸ್ಪತ್ರೆಗೆ ಮತ್ತೆ 38. ಅಷ್ಟು ಚಾರ್ಜಿಗೆ ಒಂದು ಕಡೆಯ ದಾರಿಯೂ ಸಾಲದು. ಬಾಯಿಂದ "ಅಪ್ಪಾ, ಚಾರ್ಜ್ ಇಲ್ಲ" ಅನ್ನುವ ಮಾತು ಬಂತು. ಆ ಕಡೆ ಒಂದು ಕ್ಷಣ ಸುಮ್ಮನಾಗಿ, "ಇರಲಿ, ನಾ ನೋಡತೀನಿ" ಅಂದು ಅಪ್ಪ ಫೋನಿಟ್ಟ. ಓಣಿಯ ಕಾಕಾನ ಮಗನ ಹಳೇ ಡೀಸೆಲ್ ಕಾರು. ಅದರಲ್ಲೂ ಎಣ್ಣೆ ತಳ ಕಂಡಿತ್ತಂತೆ; ನಮ್ಮ ಕಡೆ ಆ ಹೊತ್ತಿಗೆ ಬಂಕೂ ಮುಚ್ಚಿರುತ್ತವೆ. ಟ್ರ್ಯಾಕ್ಟರಿಗೆ ಅಂತ ಕ್ಯಾನಿನಲ್ಲಿ ಇಟ್ಟಿದ್ದ ಡೀಸೆಲ್ ಸುರಿದು ಹೊರಟರು. ಕ್ಯಾನಿನಲ್ಲಿ ಕರೆಂಟು ಇಟ್ಟುಕೊಳ್ಳಲು ಬರುವುದಿಲ್ಲ, ವ್ಯತ್ಯಾಸ ಇಷ್ಟೇ. ನಾನು ನನ್ನ 22 ಪರ್ಸೆಂಟಿನಲ್ಲಿ ಹುಬ್ಬಳ್ಳಿಗೆ ಇಳಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಅವ್ವನಿಗೆ ಇಸಿಜಿ ಮಾಡಿದರು, ಹೃದಯದ್ದಲ್ಲ ಅಂದರು, ಎರಡು ದಿನಕ್ಕೆ ಮನೆಗೆ ಬಂದಳು. ಅಪ್ಪ ಒಂದು ಮಾತೂ ಆಡಲಿಲ್ಲ. ಪ್ರಶ್ನೆ ಬದಲಾಗಿದ್ದು ಅದರ ಮರುದಿನದಿಂದ.

ತಪ್ಪು ಕಾರಿನದಲ್ಲ, ರಾತ್ರಿ 50ರ ಕೆಳಗೆ ಬಿಡಬಾರದಿತ್ತು ಅಂತ ಗೆಳೆಯರು ಹೇಳಿದರು. ಹೌದು. ಈಗ ಬಿಡುವುದಿಲ್ಲ. ಆದರೆ ಆ 50 ಅನ್ನುವ ಅಂಕಿಯೂ ಒಂದು ಅಂದಾಜೇ. ಪೆಟ್ರೋಲ್ ಟ್ಯಾಂಕಿನಲ್ಲಿ ತೇಲುವ ಚೆಂಡು ಇರುತ್ತದೆ, ಬ್ಯಾಟರಿಯಲ್ಲಿ ಅಂಥದ್ದೇನೂ ಇಲ್ಲ. ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು, ವೋಲ್ಟೇಜು, ಬಿಸಿ ಎಲ್ಲಾ ಕೂಡಿಸಿ ಕಳೆದು ಸಾಫ್ಟ್‌ವೇರ್ ಊಹಿಸಿ ಹೇಳುವ ಸಂಖ್ಯೆ ಅದು. ಎಲ್‌ಎಫ್‌ಪಿ ಬ್ಯಾಟರಿಯಲ್ಲಂತೂ ವೋಲ್ಟೇಜು ತುಂಬ ಹೊತ್ತು ಒಂದೇ ಮಟ್ಟದಲ್ಲಿ ಇರುವುದರಿಂದ ಊಹೆ ಜಾರುತ್ತದೆ. ಆಗಾಗ ಪೂರ್ತಿ 100ಕ್ಕೆ ತುಂಬಿಸಿ ಅನ್ನುವುದು ಅದಕ್ಕೇ.

ನನ್ನ ಸಿಟ್ಟು ಕಾರಿನ ಮೇಲಿಲ್ಲ, ಅದನ್ನು ಮಾರುವ ಮಾತಿನ ಮೇಲೆ. 2001ರಲ್ಲೇ ರೇವಾ ಕಾರನ್ನು ರಸ್ತೆಗಿಳಿಸಿದ ರಾಜ್ಯ ನಮ್ಮದು. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ನಾವೇ. ರಸ್ತೆ ತೆರಿಗೆ ಮನ್ನಾ ಆಯಿತು, 2024ರಲ್ಲಿ 25 ಲಕ್ಷದ ಮೇಲಿನ ಕಾರಿಗೆ ಮಾತ್ರ 10 ಪರ್ಸೆಂಟ್ ಹಾಕಿದರು. ಆ ಮನ್ನಾದ ಲಾಭ ನಾನೂ ತಗೊಂಡಿದ್ದೇನೆ. ಯಾರು ತಗೊಂಡರು ಅಂತ ಸುತ್ತ ನೋಡಿದರೆ ಎಲ್ಲಾ ನನ್ನಂಥವರೇ: ಸ್ವಂತ ಮನೆ, ಸ್ವಂತ ಪಾರ್ಕಿಂಗು, ಮತ್ತು ಬಾಗಿಲಲ್ಲಿ ಅಥವಾ ಅಪ್ಪನ ಮನೆಯಲ್ಲಿ ಇನ್ನೊಂದು ಗಾಡಿ. ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿರುವ ನನ್ನ ಸಹೋದ್ಯೋಗಿ ವೈರು ಎಲ್ಲಿಂದ ಇಳಿಬಿಡಬೇಕು? ಅತ್ತ ಸಾವಿರಾರು ಜನ ದಿನಾ ಹತ್ತುವ ಚಿಗರಿ ಬಸ್ಸು ಶುರುವಾಗಿದ್ದು ಡೀಸೆಲ್ಲಿನಲ್ಲಿ. ತನ್ನದೇ ದಾರಿ, ಗೊತ್ತಾದ 22 ಕಿಲೋಮೀಟರು, ರಾತ್ರಿ ಡಿಪೊದಲ್ಲಿ ವಿಶ್ರಾಂತಿ. ಬ್ಯಾಟರಿಗೆ ಇದಕ್ಕಿಂತ ಸಲೀಸಾದ ಕೆಲಸ ಇನ್ನೊಂದಿಲ್ಲ. ಬಸ್ಸು ಕಟ್ಟುವ ಟಾಟಾ ಕಾರ್ಖಾನೆ ಇರುವುದೂ ಧಾರವಾಡದಲ್ಲೇ. ನನ್ನ ಕಾರಿಗೆ ಮನ್ನಾ ಆದ ತೆರಿಗೆ ಆ ಬಸ್ಸಿಗೆ ಹೋಗಿದ್ದರೆ ನಾನು ಕಾರನ್ನೇ ಕೊಳ್ಳುತ್ತಿರಲಿಲ್ಲವೇನೋ.

ಕರೆಂಟು ಕಲ್ಲಿದ್ದಲಿನದೇ ಅಲ್ಲವಾ ಅನ್ನುವವರಿಗೆ ಅರ್ಧ ಉತ್ತರ ಕೊಡಬಲ್ಲೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ನಮ್ಮದೇ, ಗದಗಿನ ಗುಡ್ಡದ ಗಾಳಿಪಂಖಗಳೂ ನಮ್ಮವೇ. ಆದರೆ ಸೂರ್ಯ ಹಗಲು ದುಡಿಯುತ್ತಾನೆ, ನಾನು ಚುಚ್ಚುವುದು ರಾತ್ರಿ. ಆಗ ರಾಯಚೂರಿನ ಹೊಗೆಯೂ ನನ್ನ ಕಾರಿನಲ್ಲಿ ಕೂತಿರುತ್ತದೆ. 2023ರ ಬರದಲ್ಲಿ ಪಂಪ್‌ಸೆಟ್ಟಿನ 7 ತಾಸಿನ ಕರೆಂಟು 5ಕ್ಕೆ ಇಳಿದದ್ದನ್ನು ಅಪ್ಪ ಇನ್ನೂ ಮರೆತಿಲ್ಲ. ಆಫೀಸುಗಳು ಹಗಲಲ್ಲಿ ನೌಕರರಿಗೆ ಸಾಕೆಟ್ ಕೊಟ್ಟರೆ ಇದರ ಒಂದು ಪಾಲು ಬಗೆಹರಿಯುತ್ತದೆ. ನಮ್ಮ ಆಫೀಸಿನಲ್ಲಿ ಕೇಳಿ ಎಂಟು ತಿಂಗಳಾಯಿತು, ಫೈಲು "ಪರಿಶೀಲನೆಯಲ್ಲಿದೆ".

ಆದ್ದರಿಂದ ಕೇಳುವ ಗೆಳೆಯರಿಗೆ ನಾನು ತಿರುಗಿ ಕೇಳುವುದು ಮೂರೇ ಮಾತು: ಸಾಕೆಟ್ ನಿಮ್ಮದೇನು, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸ್ತೀರೇನು, ಇನ್ನೊಂದು ಗಾಡಿ ಐತೇನು? ಮೂರಕ್ಕೂ ಹೌದು ಅಂದವರಿಗೆ ಧಾರಾಳವಾಗಿ ತಗೊಳ್ಳಿ ಅಂತೀನಿ. ಮೂರನೆಯದಕ್ಕೆ ಇಲ್ಲ ಅಂದವರಿಗೆ ಇನ್ನೆರಡು ವರ್ಷ ತಡೀರಿ ಅಂತೀನಿ.

ನಮ್ಮ ಹಳೇ ಪೆಟ್ರೋಲ್ ಕಾರು ಮಾರಲು ಹೊರಟಿದ್ದೆ. ಈಗ ಅದು ಊರಲ್ಲಿ, ಬೇವಿನ ಮರದ ಕೆಳಗೆ ನಿಂತಿದೆ. ಅಪ್ಪ ವಾರಕ್ಕೊಮ್ಮೆ ಚಾಲೂ ಮಾಡಿ ನೋಡುತ್ತಾನೆ, ಅರ್ಧ ಟ್ಯಾಂಕಿನ ಕೆಳಗೆ ಇಳಿಯಲು ಬಿಡುವುದಿಲ್ಲ. ಹಾಗೇ ಬರುವಾಗ ಅರ್ಥಿಂಗ್ ಕುಣಿಗೆ ಒಂದು ಕೊಡ ನೀರು ಸುರಿಯುತ್ತಾನೆ.