ಮುಖಪುಟ ಆಮೇಲೆ, ಮೊದಲು ಪಿನ್ನು

ಹಳೆಯ ಕಾಮಿಕ್ಸ್ ಕೊಳ್ಳಲು ಹೊರಟವರು ಮೊದಲು ಮುಖಪುಟ ನೋಡುತ್ತಾರೆ. ಮಾರುವವನಿಗೂ ಇದು ಗೊತ್ತು. ಮುಖಪುಟ ನೆಟ್ಟಗಿರುವ ಪ್ರತಿಯನ್ನೇ ಗುಡ್ಡೆಯ ಮೇಲಿಟ್ಟಿರುತ್ತಾನೆ. ನಾನು ಪುಸ್ತಕವನ್ನು ಸೀದಾ ನಡುವೆ ಬಿಡಿಸುತ್ತೇನೆ. ಅಲ್ಲಿ ಎರಡು ಪಿನ್ನುಗಳಿರುತ್ತವೆ. ಮಳೆಗಾಲದ ತೇವಕ್ಕೆ ಅವು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನು ತಿಂದಿದ್ದರೆ ನಡುವಿನ ಹಾಳೆ ಕೈಗೇ ಬರುತ್ತದೆ. ಎಷ್ಟೋ ಸಲ ಅದು ಯಾವತ್ತೋ ಉದುರಿಹೋಗಿರುತ್ತದೆ. ಎಡಗಡೆ ಫ್ಯಾಂಟಮ್ ಕಳ್ಳನ ದವಡೆಗೆ ಗುದ್ದಲು ಕೈ ಎತ್ತಿದ್ದಾನೆ, ಬಲಗಡೆ ಕಳ್ಳ ಆಗಲೇ ಜೈಲಿನಲ್ಲಿದ್ದಾನೆ! ಹೋದದ್ದು ಒಂದೇ ಹಾಳೆಯಾದರೂ ಕಳೆದದ್ದು ನಾಲ್ಕು ಪುಟ.

1964ರ ಮಾರ್ಚ್‌ನಲ್ಲಿ ಶುರುವಾಗಿ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ನೋಡುವಾಗ ಈ ಪರೀಕ್ಷೆ ಮಾಡಲೇಬೇಕು. ಅದಾದ ಮೇಲೆ ಪದಬಂಧ ಯಾರಾದರೂ ತುಂಬಿದ್ದಾರೆಯೇ, ಕೂಪನ್ ಕತ್ತರಿಸಿದ್ದಾರೆಯೇ, ಬೆನ್ನಿಗೆ ಸೆಲ್ಲೋಟೇಪ್ ಅಂಟಿಸಿದ್ದಾರೆಯೇ ಎಂದು ನೋಡಿ. ಪೆನ್ನಿನ ಗೀಚನ್ನು ಕ್ಷಮಿಸಬಹುದು. ಟೇಪನ್ನು ಮಾತ್ರ ನಾನು ಕ್ಷಮಿಸಲಾರೆ. ವರ್ಷ ಕಳೆದಂತೆ ಅದರ ಅಂಟು ಕಂದುಬಣ್ಣಕ್ಕೆ ತಿರುಗಿ ಅಕ್ಷರವನ್ನೂ ಬಣ್ಣವನ್ನೂ ನುಂಗುತ್ತದೆ.

ಅಮೆರಿಕದಲ್ಲಿ ಈ ಕೆಲಸಕ್ಕೆ ಕಂಪನಿಗಳೇ ಇವೆ. 2000ದಲ್ಲಿ ಆರಂಭವಾದ ಸಿಜಿಸಿ ಪುಸ್ತಕಕ್ಕೆ ಹತ್ತರ ಮಾಪಕದಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕಳಿಸುತ್ತದೆ. ರಿಪೇರಿ ಮಾಡಿದ ಪ್ರತಿಗೆ ನೇರಳೆ ಚೀಟಿ, ಮುಟ್ಟದೆ ಬಿಟ್ಟದ್ದಕ್ಕೆ ನೀಲಿ. ಇತ್ತೀಚೆಗೆ ನಮ್ಮ ಹುಡುಗರೂ ಇಂದ್ರಜಾಲಕ್ಕೆ ದಶಮಾಂಶದಲ್ಲಿ ಅಂಕ ಹಾಕತೊಡಗಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಅಂಕದಲ್ಲಿ ಅರ್ಧ ಪಾಲು ಹವೆಯದ್ದು. ಕೊಲರಾಡೋದ ಎಡ್ಗರ್ ಚರ್ಚ್ ಎಂಬಾತ ಮನೆಯಲ್ಲಿ ಒತ್ತೊತ್ತಾಗಿ ಪೇರಿಸಿಟ್ಟಿದ್ದ ಸಾವಿರಾರು ಕಾಮಿಕ್ಸ್ 1977ರಲ್ಲಿ ಕಾಮಿಕ್ಸ್ ವ್ಯಾಪಾರಿ ಚಕ್ ರೊಜಾನ್ಸ್ಕಿಯ ಕೈಸೇರಿದಾಗ, ದಶಕಗಳು ಕಳೆದಿದ್ದರೂ ಎಷ್ಟೋ ಪುಟಗಳು ಬೆಳ್ಳಗೇ ಇದ್ದವು. ಒಣ ಹವೆ, ತಂಪು, ಒಂದರ ಮೇಲೊಂದರ ಭಾರ; ಮೂರೂ ಸೇರಿ ಕಾಗದವನ್ನು ಕಾದಿದ್ದವು. ಉಡುಪಿಯ ಅಟ್ಟದಲ್ಲಿ ಅದೇ ಪುಸ್ತಕ ಎರಡು ಮಳೆಗಾಲ ಕಂಡರೆ ಸಾಕು, ಬೂಷ್ಟು ಹಿಡಿಯುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬಾಡಿಗೆ ಲೈಬ್ರರಿಯವರು ಹತ್ತಾರು ಸಂಚಿಕೆ ಸೇರಿಸಿ, ದಾರ ಹಾಕಿ, ಅಂಚು ಕತ್ತರಿಸಿ ರಟ್ಟು ಕಟ್ಟಿಸುತ್ತಿದ್ದರು. ಅಂಚು ಕತ್ತರಿಸಿದ್ದೆಂದರೆ ಅಮೆರಿಕದ ಲೆಕ್ಕದಲ್ಲಿ ಅಂಕ ಪಾತಾಳಕ್ಕೆ. ಆದರೆ ಆ ರಟ್ಟಿನಿಂದಲೇ ಅವು ಗುಜರಿಯ ತಕ್ಕಡಿ ಏರದೆ ಉಳಿದದ್ದು. ದುಡ್ಡಿನಾಸೆಗೆ ಕಟ್ಟು ಬಿಚ್ಚಿ ಬಿಡಿಬಿಡಿಯಾಗಿ ಮಾರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಮರ ಚಿತ್ರಕಥೆಯಲ್ಲಿ ಕಷ್ಟ ಬೇರೆ. ಅದು ಮತ್ತೆ ಮತ್ತೆ ಮುದ್ರಣವಾದ ಮಾಲೆ. ‘ಬಹಳ ಹಳೇದು ಸರ್’ ಎಂದು ಕೊಟ್ಟದ್ದು ಹತ್ತನೆಯ ಮುದ್ರಣವಿರಬಹುದು. ಒಳಗೆ ಮಾಲೆಯ ಪುಸ್ತಕಗಳ ಪಟ್ಟಿ ಅಚ್ಚಾಗಿದ್ದರೆ ಅದರಲ್ಲಿ ಕೊನೆಯ ಶೀರ್ಷಿಕೆ ಯಾವುದೆಂದು ನೋಡಿ; ಕೈಯಲ್ಲಿರುವ ಪುಸ್ತಕ ಅದಕ್ಕಿಂತ ಮುಂಚಿನದಾಗಿರಲಾರದು. ಬಣ್ಣವೂ ಗುಟ್ಟು ಬಿಡುತ್ತದೆ. ಕಾಸು ಸಾಲದೆ ಮೊದಮೊದಲ ಸಂಚಿಕೆಗಳನ್ನು ಹಳದಿ, ನೀಲಿ, ಹಸಿರಿನಲ್ಲಷ್ಟೇ ಮುದ್ರಿಸುತ್ತಿದ್ದರು.

ಈ ಮಾಲೆಗೆ ಕಾರ್ಕಳದ ಅನಂತ ಪೈ ರೂಪಿಸಿದ ‘ಕೃಷ್ಣ’ ಇಂಗ್ಲಿಷಿನಲ್ಲಿ ಬಂದಾಗ ಅದರ ಸಂಖ್ಯೆ 11. ಮೊದಲ ಹತ್ತು ಎಲ್ಲಿ? ಅವು ಕನ್ನಡದವು. ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ 1965ರಲ್ಲಿ ಬೆಂಗಳೂರಿನಿಂದ ಹೊರತಂದ, ಸಿಂಡ್ರೆಲಾಳಂಥ ಪಾಶ್ಚಾತ್ಯ ಕತೆಗಳ ಪುಸ್ತಕಗಳು. ಇಂಗ್ಲಿಷ್ ಸಂಗ್ರಾಹಕರು ಇವನ್ನು ಹುಡುಕುವುದಿಲ್ಲ, ಕನ್ನಡದವರಿಗೆ ಇವು ಇದ್ದದ್ದೇ ಗೊತ್ತಿಲ್ಲ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಒಂದು ಕಣ್ಣಿಗೆ ಬಿದ್ದರೆ ಪಿನ್ನು, ಪುಟ, ಟೇಪು ಯಾವುದನ್ನೂ ನೋಡದೆ, ಚೌಕಾಸಿ ಮಾಡದೆ ಎತ್ತಿಕೊಳ್ಳಿ.

ಮಾರುವವರಿಗೂ ಎರಡು ಮಾತು. ಮುಖಪುಟದ ಜೊತೆಗೆ ಬೆನ್ನು, ನಡುಹಾಳೆ, ಹಿಂಬದಿಯ ಫೋಟೊವನ್ನೂ ಕಳಿಸಿ. ಲೈಬ್ರರಿಯ ಮೊಹರನ್ನು ಉಜ್ಜಿ ತೆಗೆಯಲು ಹೋಗಬೇಡಿ. ಮೊಹರಿಗೆ ನಾನು ಒಂದಿಷ್ಟು ಬೆಲೆ ಇಳಿಸುತ್ತೇನೆ, ಉಜ್ಜಿದ ಗುರುತಿಗೆ ಅದರ ಎರಡರಷ್ಟು.