ಹೊಸಬನಿಗೆ ಕೊಟ್ಟ ಗುರಾಣಿ

ಸಂಗೀತ ಸಭೆಯೊಂದರಲ್ಲಿ ನಾನು ಮೊದಲ ಸಲ ಚೀಟಿ ಕಳುಹಿಸಿದ ಸಂಗತಿಯನ್ನು ಬಹುಕಾಲ ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಆಗ ನನಗೆ ಹತ್ತೊಂಬತ್ತು ವಯಸ್ಸು. ಹತ್ತು ಹನ್ನೆರಡು ರಾಗಗಳ ಹೆಸರು ಗೊತ್ತಿದ್ದುವು; ರಾಗಗಳು ಗೊತ್ತಿರಲಿಲ್ಲ. ತನಿ ಆವರ್ತನ ಮುಗಿದು ಸಭೆ ಸ್ವಲ್ಪ ಸಡಿಲವಾದಾಗ, ಅಕ್ಕಪಕ್ಕದವರು ಚೀಟಿ ಬರೆಯುತ್ತಿದ್ದುದನ್ನು ಕಂಡು ನಾನೂ ಒಂದು ಬರೆದೆ: 'ದಯವಿಟ್ಟು ಕಲ್ಯಾಣಿ ಹಾಡಬೇಕು.' ಚೀಟಿ ಕೈಯಿಂದ ಕೈಗೆ ಸಾಗಿ ಮುಂದೆ ಹೋಯಿತು. ಓದಿದವರೊಬ್ಬೊಬ್ಬರೂ ಹಿಂದಿರುಗಿ ನನ್ನ ಮುಖ ನೋಡಿದರು. ವಿದ್ವಾಂಸರು ಮುಕ್ಕಾಲು ಗಂಟೆಯಿಂದ ಹಾಡಿ ಆಗತಾನೆ ಮುಗಿಸಿದ್ದುದು ಕಲ್ಯಾಣಿಯನ್ನೇ! 'ಯಾರಯ್ಯಾ ಇವನನ್ನು ಒಳಗೆ ಬಿಟ್ಟವರು?' ಎಂದು ಮುಂದಿನ ಸಾಲಿನಿಂದ ಒಂದು ಮಾತು ಬಂತು. ಸುತ್ತಲಿದ್ದವರು ನಕ್ಕರು. ಆ ಮೇಲೆ ಎರಡು ವರ್ಷ ನಾನು ಯಾವ ಕಚೇರಿಗೂ ಹೋಗಲಿಲ್ಲ.

ಮತ್ತೆ ಹೋದದ್ದು ಬೇರೊಂದು ಊರಿನಲ್ಲಿ. ಅಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ, ಏಕೋ ಏನೋ, ಈ ಕಥೆಯನ್ನು ಹೇಳಿಬಿಟ್ಟೆ. ಅವರು ನಗಲಿಲ್ಲ. 'ನಿನ್ನದು ಏನು ಮಹಾ, ನಿನ್ನ ವಯಸ್ಸಿನಲ್ಲಿ ನಾನು ಮಂಗಳ ಹಾಡಿದ ಮೇಲೆ ಇನ್ನೊಂದು ಆಗಲಿ ಅಂತ ಕೂಗಿದವನಪ್ಪಾ' ಎಂದರು.

ಇದೆಲ್ಲ ನೆನಪಾದದ್ದು ಈಚೆಗೆ ಒಂದು ಸಣ್ಣ ಪುಸ್ತಕವನ್ನು ಎರಡನೆಯ ಬಾರಿ ಓದುತ್ತಿದ್ದಾಗ. ಪುಸ್ತಕದ ಹೆಸರು 'ದಿ ಎನ್‌ಚಾಂಟೆಡ್ ಡೂಪ್ಲಿಕೇಟರ್'. 'ಮಂತ್ರದ ಸೈಕ್ಲೋಸ್ಟೈಲ್ ಯಂತ್ರ' ಎಂದರೆ ನಮ್ಮವರಿಗೆ ಅರ್ಥವಾದೀತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ವಾಲ್ಟ್ ವಿಲ್ಲಿಸ್ ಮತ್ತು ಬಾಬ್ ಷಾ ಎಂಬಿಬ್ಬರು ಗೆಳೆಯರು ಸೇರಿ ಇದನ್ನು ಬರೆದು 1954ರಲ್ಲಿ ಹೊರತಂದರು. ವಿಲ್ಲಿಸ್ ಸರಕಾರಿ ಕಚೇರಿಯ ನೌಕರರು; ಷಾ ಮುಂದೆ ವಿಜ್ಞಾನ ಕಥೆಗಾರರೆಂದು ಹೆಸರಾದವರು. ಸಾಹಿತ್ಯ ಚರಿತ್ರೆಗಳಲ್ಲಿ ಈ ಪುಸ್ತಕದ ಹೆಸರನ್ನು ಹುಡುಕಿದರೆ ಸಿಗಲಾರದು. ಆದರೆ ಒಂದು ರಸಿಕ ಬಳಗಕ್ಕೆ ಹೊಸದಾಗಿ ಬಂದವನಿಗೆ ಅಲ್ಲಿಯ ನಡೆನುಡಿಯನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆಗೆ, ನಾನು ಕಂಡ ಮಟ್ಟಿಗೆ, ಇಷ್ಟು ಚೆಲುವಾದ ಉತ್ತರ ಇನ್ನೊಂದಿಲ್ಲ. ಅದರಲ್ಲಿ ಒಂದು ಕೊರತೆಯೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಆ ಬಳಗ ಎಂಥದೆಂಬುದನ್ನು ಮೊದಲು ತಿಳಿಸಬೇಕು. 1926ರಲ್ಲಿ ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬವರು 'ಅಮೇಜಿಂಗ್ ಸ್ಟೋರೀಸ್' ಎಂಬ ಪತ್ರಿಕೆಯನ್ನು ಆರಂಭಿಸಿದರು. ವಿಜ್ಞಾನ ಕಥೆಗಳಿಗೇ ಮೀಸಲಾದ ಪತ್ರಿಕೆ ಅದು. ಅದರಲ್ಲಿ ಓದುಗರ ಪತ್ರಗಳನ್ನು ಬರೆದವರ ವಿಳಾಸದೊಡನೆ ಅಚ್ಚುಮಾಡುತ್ತಿದ್ದರು. ವಿಳಾಸ ಕಂಡವರು ಸುಮ್ಮನಿರುತ್ತಾರೆಯೆ? ಓದುಗರು ಸಂಪಾದಕನನ್ನು ಬಿಟ್ಟು ತಮ್ಮತಮ್ಮಲ್ಲೇ ಪತ್ರವ್ಯವಹಾರ ಆರಂಭಿಸಿದರು, ಕೂಟಗಳು ಹುಟ್ಟಿದುವು, 1930ರಿಂದೀಚೆಗೆ ಅವರವರದೇ ಪುಟ್ಟ ಪತ್ರಿಕೆಗಳು ಹೊರಟುವು. ಬೆರಳಚ್ಚು ಯಂತ್ರದಲ್ಲಿ ಸ್ಟೆನ್ಸಿಲ್ ಕೊಯ್ದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುವಿ, ಕೈಗೆಲ್ಲ ಮಸಿ ಮಾಡಿಕೊಂಡು ಹೊರಡಿಸಿದ ಪತ್ರಿಕೆಗಳು. ನಮ್ಮ ವಿದ್ಯಾರ್ಥಿನಿಲಯಗಳ ಕೈಬರಹದ ಪತ್ರಿಕೆಗಳನ್ನು ಕಂಡವರಿಗೆ ಆ ಉತ್ಸಾಹದ ಪರಿಚಯವಿದ್ದೇ ಇರುತ್ತದೆ. ನಮ್ಮ ಪತ್ರಿಕೆಗಳು ಮೇಜಿನ ಮೇಲೆ ಕುಳಿತಿರುತ್ತಿದ್ದುವು. ಅವರವು ಅಂಚೆಯಲ್ಲಿ ಕಡಲು ದಾಟುತ್ತಿದ್ದುವು.

ಇಂಥ ಬಳಗದಲ್ಲಿ ಬರೆಯದ ಶಾಸನಗಳು ಬಲು ಬೇಗ ಬೆಳೆದುಬಿಡುತ್ತವೆ. ಪತ್ರಿಕೆಗೆ ಕಾಸು ಕೊಟ್ಟರೆ ಬೇಡವೆನ್ನುವವರಲ್ಲ. ಆದರೆ ಅವರಿಗೆ ಪ್ರಿಯವಾದ ಬೆಲೆ ಬೇರೆ. ಸಂಚಿಕೆಯನ್ನು ಓದಿ ಒಂದು ಒಳ್ಳೆಯ ಪತ್ರ ಬರೆಯಬೇಕು, ಇಲ್ಲವೆ ಒಂದು ಲೇಖನ ಕಳುಹಿಸಬೇಕು, ಇಲ್ಲವೆ ತನ್ನ ಪತ್ರಿಕೆಯನ್ನು ಬದಲಿಗೆ ಕೊಡಬೇಕು. ಮೆಚ್ಚುಗೆಯ ಮಾತೇ ಅಲ್ಲಿಯ ನಾಣ್ಯ. ಅದಕ್ಕೆ 'ಈಗೊಬೂ' ಎಂಬ ವಿಚಿತ್ರ ಹೆಸರೂ ಇತ್ತು. ಅಹಂಕಾರಕ್ಕೆ ಸಿಗುವ ತುಪ್ಪ ಎಂದಿಟ್ಟುಕೊಳ್ಳಿ. ಬಳಗದ ಹೊರಗಿನ ಜಗತ್ತೆಲ್ಲ 'ಮಂಡೇನ್', ಅಂದರೆ ಬರಿಯ ಲೌಕಿಕ. ಬೇಸತ್ತು ಇದರಿಂದ ದೂರ ಹೋದವನು 'ಗಾಫಿಯಾ' ಹಿಡಿದವನು. ಹೊಸದಾಗಿ ಬಂದವನು 'ನಿಯೋಫ್ಯಾನ್'. ಪಾಪ, ಇವನಿಗೆ ಈ ಯಾವುದೂ ತಿಳಿಯದು. ಚಂದಾ ಕಳುಹಿಸಿ ಸರಕು ಬರಲಿಲ್ಲವೆಂದು ಜಗಳ ತೆಗೆಯುತ್ತಾನೆ. ಒಂದು ವಾರದಲ್ಲಿ ತನ್ನದೇ ಪತ್ರಿಕೆ ಹೊರಡಿಸುತ್ತಾನೆ. ಅದರ ಅರ್ಧ ಅಕ್ಷರ ಮೂಡಿರುವುದಿಲ್ಲ, ಮೂಡಿದುದರಲ್ಲಿ ಅರ್ಧ ತಪ್ಪು. ಅದನ್ನು ಯಾರಾದರೂ ಹಾಸ್ಯಮಾಡಿದರೆ ನಾಲ್ಕು ಪುಟದ ಬೈಗುಳ ಬರೆಯುತ್ತಾನೆ.

ಬಳಗದವರು ಸಾಧುಗಳೇನೂ ಅಲ್ಲ. 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಮೊಟ್ಟಮೊದಲ ವಿಶ್ವ ಸಮ್ಮೇಳನ ಸೇರಿದಾಗ, ಸಂಘಟಕರು ತಮಗಾಗದ ಪಂಗಡದ ಆರು ಮಂದಿ ತರುಣರನ್ನು ಬಾಗಿಲಲ್ಲೇ ತಡೆದರು. ಅವರೇನೂ ಹೊಸಬರಲ್ಲ, ನಿಜ; ಅದು ಪಕ್ಷ ಪ್ರತಿಪಕ್ಷಗಳ ಜಗಳ. ಆದರೂ 'ಒಳಗೆ ಬಿಟ್ಟವರಾರು' ಎಂಬ ಮಾತು ಬಳಗದಷ್ಟೇ ಹಳೆಯದು ಎಂಬುದಕ್ಕೆ ಸಾಕ್ಷಿಯಾಗಿ ಇದನ್ನು ಹೇಳಿದೆ. ಆ ಆರು ಮಂದಿಯಲ್ಲಿ ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲತ್, ಡೊನಾಲ್ಡ್ ವೊಲ್‌ಹೈಮ್ ಇದ್ದರು. ವಿಜ್ಞಾನ ಕಥೆಯ ಮುಂದಿನ ಚರಿತ್ರೆಯನ್ನು ಈ ಮೂವರನ್ನು ಬಿಟ್ಟು ಬರೆಯುವಂತಿಲ್ಲ!

ಹೊಸಬನಿಗೆ ದಾರಿ ತೋರಿಸುವ ಪ್ರಯತ್ನಗಳೂ ನಡೆದುವು. ಜ್ಯಾಕ್ ಸ್ಪಿಯರ್ 1944ರಲ್ಲಿ 'ಫ್ಯಾನ್‌ಸೈಕ್ಲೋಪೀಡಿಯಾ' ಎಂದು ಬಳಗದ ಮಾತುಗಳಿಗೆಲ್ಲ ಒಂದು ಕೋಶವನ್ನೇ ಕಟ್ಟಿದರು. ಕೋಶದಿಂದ ಪದದ ಅರ್ಥ ತಿಳಿಯುತ್ತದೆ. ಅದನ್ನು ಯಾವಾಗ ಆಡಬೇಕು, ಯಾವಾಗ ನುಂಗಿಕೊಳ್ಳಬೇಕು ಎಂಬುದು ತಿಳಿಯುವುದಿಲ್ಲ. ಸಿನಿಮಾ ಮಂದಿರದಲ್ಲಿ ಯಂತ್ರ ನಡೆಸುತ್ತಿದ್ದ ಕಾದಂಬರಿಕಾರ ವಿಲ್ಸನ್ ಟಕರ್ 1955ರಲ್ಲಿ ಹೊಸಬರಿಗೆಂದೇ ಒಂದು ಕೈಪಿಡಿ ಬರೆದರು. ಟಕರ್ ಹಾಸ್ಯಪ್ರಿಯರು. ಆದರೆ ಕೈಪಿಡಿ ಎಂಬ ಜಾತಿಗೇ ಒಂದು ದೋಷವಿದೆ. ಬರೆದವನು ಒಳಗೆ, ಓದುವವನು ಹೊರಗೆ ಎಂಬ ಭಾವ ಮೊದಲ ವಾಕ್ಯದಿಂದಲೇ ನೆಲೆಯೂರಿಬಿಡುತ್ತದೆ. ಬಾಗಿಲಿಗೆ ಅಂಟಿಸಿದ ನಿಯಮಗಳ ಪಟ್ಟಿಯನ್ನು ಓದಿ ಮನೆಯೊಳಗಿನವರ ಮೇಲೆ ಪ್ರೀತಿ ಹುಟ್ಟಿಸಿಕೊಂಡವರು ಯಾರಿದ್ದಾರೆ?

ವಿಲ್ಲಿಸ್ ಮತ್ತು ಷಾ ಹಿಡಿದ ದಾರಿ ಬೇರೆ. ಅವರು ಕಥೆ ಹೇಳಿದರು. ಹೊಸಬನನ್ನೇ ಅದರ ನಾಯಕನನ್ನಾಗಿ ಮಾಡಿದರು. ಮಂಡೇನ್ ದೇಶದ ಪ್ರೊಸೇಯಿಕ್ ಎಂಬ ಹಳ್ಳಿಯಲ್ಲಿ ಜೋಫ್ಯಾನ್ ಎಂಬ ಯುವಕನಿರುತ್ತಾನೆ. ಒಂದು ದಿನ ಅಭಿಮಾನಲೋಕದ ದೇವತೆ ಅವನಿಗೆ ಪ್ರತ್ಯಕ್ಷವಾಗಿ, ಬೆಟ್ಟಗಳಾಚೆ ಮಂತ್ರದ ಯಂತ್ರವೊಂದಿದೆ, ಕುಂದಿಲ್ಲದ ಪತ್ರಿಕೆಯನ್ನು ಅಚ್ಚುಹಾಕಬಲ್ಲುದು ಅದೊಂದೇ ಎಂಬ ಆಸೆಯನ್ನು ಹುಟ್ಟಿಸುತ್ತದೆ. ಅವನು ಹೊರಡುತ್ತಾನೆ. ದಾರಿಯಲ್ಲಿ ಅನನುಭವದ ಕಾಡಿದೆ, ಟೀಕೆಯ ಕಣಿವೆಯಿದೆ, ಔದಾಸೀನ್ಯದ ಮರುಭೂಮಿಯಿದೆ, 'ಇನ್ನು ಸಾಕು, ಇಲ್ಲೇ ಒರಗಿಕೋ' ಎಂದು ಕರೆಯುವ ಗಾಫಿಯಾದ ತಂಪು ಬಯಲಿದೆ.

ಓದುಗರಿಗೆ ಇಷ್ಟರಲ್ಲೇ ಜಾನ್ ಬನ್ಯನ್ ನೆನಪಾಗಿರಬೇಕು. ಅವನ 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಗ್ರಂಥ 1678ರದು. ಬಾಸೆಲ್ ಮಿಶನ್ನಿನವರು ಅದನ್ನು 19ನೆಯ ಶತಮಾನದಲ್ಲಿಯೇ 'ಯಾತ್ರಿಕನ ಸಂಚಾರ' ಎಂದು ಕನ್ನಡಕ್ಕೆ ತಂದುದರಿಂದ ಈ ಅಚ್ಚು ನಮಗೂ ಅಪರಿಚಿತವಲ್ಲ. ಐರಿಷ್ ಗೆಳೆಯರು ಬನ್ಯನ್ನನ ಅಚ್ಚನ್ನು ಬಹಿರಂಗವಾಗಿಯೇ ಎರವಲು ಪಡೆದಿದ್ದಾರೆ. ಆದರೆ ಎರವಲಿನಲ್ಲಿ ಒಂದು ಮುಖ್ಯವಾದ ಬದಲಾವಣೆಯಾಗಿದೆ. ಪುಸ್ತಕದ ಗುಣವೆಲ್ಲ ಅಲ್ಲಿದೆ ಎಂದು ನನ್ನ ಎಣಿಕೆ. ಬನ್ಯನ್ನನ ಯಾತ್ರಿಕ ಭಯದಿಂದ ಹೊರಟವನು. ಅವನ ಊರು ನಾಶವಾಗಲಿದೆ, ಬೆನ್ನ ಮೇಲೆ ಪಾಪದ ಹೊರೆಯಿದೆ; ಹೆಂಡತಿ ಮಕ್ಕಳನ್ನು ಬಿಟ್ಟು ಕಿವಿ ಮುಚ್ಚಿಕೊಂಡು ಓಡುತ್ತಾನೆ. ಜೋಫ್ಯಾನನ ಬೆನ್ನ ಮೇಲೆ ಪಾಪವಿಲ್ಲ. ಅವನನ್ನು ನಡೆಸುವುದು ಆಸೆ. ಆದ್ದರಿಂದ ದಾರಿಯಲ್ಲಿ ಅವನು ಮಾಡುವ ತಪ್ಪು ಅಪರಾಧವಾಗುವುದಿಲ್ಲ. ಒಂದು ಊರಾಗುತ್ತದೆ, ದಾಟಿ ಮುಂದೆ ಹೋಗಬಹುದಾದ ಊರು. ಅನನುಭವ ಎಂಬುದು ಕಾಡು ಎಂದಮೇಲೆ, ಅದರೊಳಗೆ ಸಿಕ್ಕಿಕೊಂಡವನಿಗೆ ನಾಚಿಕೆಯ ಕಾರಣವೇನು? ಈಗ ಮಹಾಪುರುಷರಾಗಿ ಕುಳಿತವರೆಲ್ಲ ಅದೇ ಕಾಡಿನ ಮುಳ್ಳು ತರಚಿಕೊಂಡೇ ಬಂದವರು. ಹತ್ತೊಂಬತ್ತರಲ್ಲಿ ನನಗೆ ಈ ಮಾತನ್ನು ಯಾರಾದರೂ ಹೇಳಿದ್ದರೆ ಎರಡು ವರ್ಷದ ಕಚೇರಿಗಳು ಉಳಿಯುತ್ತಿದ್ದುವು.

ಇನ್ನು ಗುರಾಣಿಯ ಮಾತು. ದೇವತೆ ಜೋಫ್ಯಾನನಿಗೆ ದಾರಿಗೆಂದು ಒಂದು ಗುರಾಣಿಯನ್ನು ಕೊಡುತ್ತದೆ. ಅದರ ಹೆಸರು 'ಯೂಮರ್'. ಹ್ಯೂಮರ್ ಎಂಬ ಮಾತಿನ ತಲೆಯಕ್ಷರ ಹಾರಿಸಿದ್ದಾರೆ. ಚೆನ್ನಾಗಿ ಉಜ್ಜಿ ಹೊಳಪು ಕೆಡದಂತೆ ಇಟ್ಟುಕೊಂಡರೆ ಇದು ಕಾಪಾಡುತ್ತದೆ ಎಂಬುದು ಅದರ ಷರತ್ತು. ಶ್ಲೇಷೆ ಅಗ್ಗದ್ದೆಂದು ಮೂಗು ಮುರಿಯುವವರಿರಬಹುದು. ಈ ಪುಸ್ತಕದ ಹೆಸರುಗಳಲ್ಲಿ ಅಂಥ ಅಗ್ಗದ ಶ್ಲೇಷೆಗಳು ಸಾಕಷ್ಟಿವೆ, ಒಂದೆರಡು ಕಡೆ ಬೇಸರವನ್ನೂ ತರುತ್ತವೆ. ಗುರಾಣಿಯದು ಹಾಗಲ್ಲ. ಬಳಗದ ನಡತೆಯ ಸೂತ್ರಗಳು ನೂರಿರಲಿ, ಅವನ್ನೆಲ್ಲ ಬಿಟ್ಟು ಹೊಸಬನಿಗೆ ಒಂದನ್ನೇ ಕೊಡುವುದಾದರೆ ಏನನ್ನು ಕೊಡಬೇಕು? ತನ್ನನ್ನು ಕಂಡು ತಾನು ನಗಬಲ್ಲ ಶಕ್ತಿಯನ್ನು. ಉಳಿದುದನ್ನು ಅವನೇ ಕಲಿಯುತ್ತಾನೆ.

ನಮ್ಮ ಆಲಂಕಾರಿಕರಲ್ಲಿಯೂ ಉಜ್ಜುವ ಮಾತಿದೆ. ಸಹೃದಯನೆಂದರೆ ಯಾರು ಎಂಬುದಕ್ಕೆ ಅಭಿನವಗುಪ್ತ ತನ್ನ 'ಲೋಚನ'ದಲ್ಲಿ ಹೇಳುವ ಲಕ್ಷಣ ಪ್ರಸಿದ್ಧವಾದುದು: ಕಾವ್ಯವನ್ನು ಓದಿ ಓದಿ ಯಾರ ಮನಸ್ಸೆಂಬ ಕನ್ನಡಿ ತಿಳಿಯಾಗಿದೆಯೋ ಅವನು. ಎರಡಕ್ಕೂ ಅಭ್ಯಾಸ ಬೇಕು, ಎರಡೂ ಹೊಳೆಯಬೇಕು. ಆದರೆ ಕನ್ನಡಿ ಇರುವುದು ಕೃತಿಯನ್ನು ಬರಮಾಡಿಕೊಳ್ಳುವುದಕ್ಕೆ. ಗುರಾಣಿ ಇರುವುದು ಜೊತೆಯ ರಸಿಕರಿಂದ ಪೆಟ್ಟು ತಪ್ಪಿಸಿಕೊಳ್ಳುವುದಕ್ಕೆ. ನಮ್ಮ ಶಾಸ್ತ್ರ ಸಹೃದಯನನ್ನು ಕೃತಿಯ ಮುಂದೆ ಏಕಾಂಗಿಯಾಗಿ ಕೂರಿಸಿತು. ಅವನ ಎಡಬಲಕ್ಕೆ ಇತರ ಸಹೃದಯರು ಕುಳಿತಿರುತ್ತಾರೆ, ಅವರು ಹಿಂದಿರುಗಿ ನೋಡುತ್ತಾರೆ ಎಂಬುದನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ರಸಾಸ್ವಾದ ಒಂದು ವಿದ್ಯೆ. ರಸಿಕರ ನಡುವೆ ಬಾಳುವುದು ಇನ್ನೊಂದು. ಎರಡನೆಯದರ ವಿಷಯದಲ್ಲಿ ಬೆಲ್‌ಫಾಸ್ಟಿನ ಗುಮಾಸ್ತರಿಂದ ಕಲಿಯುವುದಕ್ಕೆ ನಾವು ನಾಚಬೇಕಾಗಿಲ್ಲ.

ಕಥೆಯ ಕೊನೆಯೂ ಸೊಗಸಾಗಿದೆ. ಅಷ್ಟೆಲ್ಲ ಕಷ್ಟಪಟ್ಟು ಬಂದ ಜೋಫ್ಯಾನನ ಕಣ್ಣಿಗೆ ಬೀಳುವುದು ತುಕ್ಕು ಹಿಡಿದ, ಜಜ್ಜಿಹೋದ ಒಂದು ಹಳೆಯ ಯಂತ್ರ. ಇದಕ್ಕಾಗಿಯೆ ಇಷ್ಟು ದೂರ ಬಂದದ್ದು ಎಂದು ಅವನಿಗೆ ಆಗುವ ನಿರಾಶೆ ಓದುಗನಿಗೂ ಆಗುತ್ತದೆ. ಅವನು ಹಿಡಿಯನ್ನು ಮುಟ್ಟಿದ ಮೇಲೆ ತಿಳಿಯುತ್ತದೆ, ಮಂತ್ರವಿದ್ದುದು ಯಂತ್ರದಲ್ಲಲ್ಲ, ಹಿಡಿ ತಿರುವುವ ಕೈಯಲ್ಲಿ ಎಂದು. ಹಳೆಯ ಜಾಣತನವೇ, ಆದರೆ ಸರಿಯಾದ ಸ್ಥಳದಲ್ಲಿ ಬಂದಿದೆ. ಊರಿನಿಂದ ಹೊರಟಾಗಲೇ ಇದನ್ನು ಯಾರಾದರೂ ಹೇಳಿದ್ದರೆ ಅವನು ನಂಬುತ್ತಿದ್ದನೆ? ಕೈಪಿಡಿ ಮೊದಲ ಪುಟದಲ್ಲಿ ಹೇಳಿ ಕೆಡಿಸುವುದನ್ನು ಕಥೆ ಕೊನೆಯ ಪುಟದವರೆಗೂ ಬಚ್ಚಿಟ್ಟು ಕೊಡುತ್ತದೆ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನು ಹೇಳದಿದ್ದರೆ ವಿಮರ್ಶೆಯಾಗದು. ಈ ಕಥೆಯಲ್ಲಿ ಪ್ರಯಾಣವೆಲ್ಲ ಹೊಸಬನದು. ಕಾಡು ದಾಟಬೇಕಾದವನು ಅವನು, ಗುರಾಣಿ ಉಜ್ಜಬೇಕಾದವನು ಅವನು, ಪೆಟ್ಟು ಬಿದ್ದರೆ ನಗಬೇಕಾದವನೂ ಅವನೇ. ಟೀಕೆಯ ಕಣಿವೆಯೆನ್ನುತ್ತಾರೆ, ಅದೇನೋ ಮಳೆ ಬಿಸಿಲಿನಂತೆ ಪ್ರಕೃತಿಯಲ್ಲಿದ್ದುದು ಎಂಬ ಹಾಗೆ. ಟೀಕೆ ತಾನಾಗಿ ಬೀಳುವುದಿಲ್ಲ, ಮಾಡುವವರಿರುತ್ತಾರೆ. ಔದಾಸೀನ್ಯವೂ ಮರಳಿನದಲ್ಲ, ಬಂದ ಪತ್ರಕ್ಕೆ ಉತ್ತರ ಬರೆಯದ ಮನುಷ್ಯರದು. ಆ ಹಳಬರು ಎಲ್ಲಿಗೆ ಯಾತ್ರೆ ಹೋಗಬೇಕು? ಅವರ ಕೈಗೆ ಏನು ಕೊಡಬೇಕು? ಪುಸ್ತಕ ಇದನ್ನು ಕೇಳುವುದೇ ಇಲ್ಲ. ವಿಲ್ಲಿಸ್ ಅವರಿಗೆ ಇದು ತಿಳಿಯದೆ ಇರಲಿಲ್ಲವೆಂಬುದೇ ಸೋಜಿಗ. 1952ರಲ್ಲಿ ಅಮೆರಿಕದ ಅಭಿಮಾನಿಗಳು, ಬಹುಪಾಲು ಅವರ ಮುಖವನ್ನೇ ಕಾಣದವರು, ತಮ್ಮತಮ್ಮಲ್ಲಿ ಚಂದಾ ಎತ್ತಿ ಅವರನ್ನು ಷಿಕಾಗೋ ಸಮ್ಮೇಳನಕ್ಕೆ ಕರೆಸಿಕೊಂಡಿದ್ದರು. ಬರಮಾಡಿಕೊಳ್ಳುವುದೆಂದರೆ ಏನೆಂಬುದನ್ನು ಸ್ವತಃ ಅನುಭವಿಸಿದವರು, ಬರಮಾಡಿಕೊಳ್ಳುವವರಿಗೆ ತಮ್ಮ ಕಥೆಯಲ್ಲಿ ಒಂದು ಅಧ್ಯಾಯವನ್ನಾದರೂ ಇಟ್ಟಿರಬಹುದಾಗಿತ್ತು.

ಮಂಗಳವಾದ ಮೇಲೆ ಕೂಗಿದ ನನ್ನ ಹಿರಿಯರ ಮಾತನ್ನು ಅರ್ಧಕ್ಕೇ ಬಿಟ್ಟೆ. ಅವರು ಅದನ್ನು ಹೇಳಿ ಸುಮ್ಮನಾಗಲಿಲ್ಲ. ಮುಂದಿನ ಕಚೇರಿಯಲ್ಲಿ ತನಿ ಮುಗಿಯುತ್ತಲೇ ಜೇಬಿನಿಂದ ಕಾಗದದ ಚೂರೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟು, 'ನನಗೆ ಕನ್ನಡಕ ಇಲ್ಲದೆ ಆಗೋದಿಲ್ಲ, ನೀನೇ ಬರಿ' ಎಂದರು. ಕನ್ನಡಕ ಅವರ ಮೂಗಿನ ಮೇಲೆಯೇ ಇತ್ತು. ಅವರು ರಾಗದ ಹೆಸರು ಹೇಳಿದರು, ನಾನು ಬರೆದೆ. ಚೀಟಿ ಸಾಲಿನಿಂದ ಸಾಲಿಗೆ ಹೋಯಿತು. ಈ ಸಲ ಯಾರೂ ಹಿಂದಿರುಗಿ ನೋಡಲಿಲ್ಲ.